ವಾಷಿಂಗ್ಟನ್ನಿನ ವಾಮನ ಮರಗಳು

ಊರಿನಿಂದ ಯಾರೇ ವಾಷಿಂಗ್ಟನ್ ಡಿ.ಸಿ.ಗೆ ಬಂದರೂ ನಾವು ತೋರಿಸೋ ಲಿಸ್ಟ್ ಹೆಚ್ಚುಕಮ್ಮಿ ಒಂದೇ. ವೈಟ್‌ಹೌಸ್ ಮುಂದೆ ಒಂದು ಫೋಟೋ, ಲಿಂಕನ್ ಸ್ಮಾರಕದ ಮೆಟ್ಟಿಲ ಮೇಲೆ ಇನ್ನೊಂದು, ಏರ್ ಅಂಡ್ ಸ್ಪೇಸ್ ಮ್ಯೂಸಿಯಂ, ಏಪ್ರಿಲ್ ಹೊತ್ತಿಗೆ ಬಂದಿದ್ದರೆ ಚೆರ್ರಿ ಹೂವು, ಸಂಜೆಗೆ ಲ್ಯಾನ್‌ಹ್ಯಾಮ್‌ನ ಶಿವ ವಿಷ್ಣು ದೇವಸ್ಥಾನ. ಅಲ್ಲಿಗೆ ಮುಗೀತು. ಈ ಲಿಸ್ಟಿಗೆ ಇನ್ನೊಂದು ಜಾಗ ಸೇರಿಸಿಕೊಳ್ಳಿ ಅಂತ ಹೇಳೋಕೆ ಈ ಬರಹ. ಅದೂ ಎಲ್ಲರೂ ಮನೆಯೊಳಗೆ ಹೀಟರ್ ಹಾಕಿಕೊಂಡು ಕೂರುವ ಜನವರಿ, ಫೆಬ್ರವರಿಯಲ್ಲಿ.

ಜಾಗದ ಹೆಸರು ನ್ಯಾಷನಲ್ ಆರ್ಬೊರೇಟಮ್. ಅಮೆರಿಕದ ಕೃಷಿ ಇಲಾಖೆ ನಡೆಸುವ ಮರಗಳ ತೋಟ. 1927ರಲ್ಲಿ ಇಲ್ಲಿನ ಸಂಸತ್ತಿನ ಕಾಯ್ದೆಯಿಂದ ಶುರುವಾಯಿತು. ಸುಮಾರು 450 ಎಕರೆ, ಅಂದರೆ ನಮ್ಮ ಲಾಲ್‌ಬಾಗ್‌ನ ಹತ್ತಿರ ಹತ್ತಿರ ಎರಡು ಪಟ್ಟು. ಟ್ರಾಫಿಕ್ ಇಲ್ಲದಿದ್ದರೆ ಕ್ಯಾಪಿಟಲ್ ಕಟ್ಟಡದಿಂದ ಕಾರಲ್ಲಿ ಹದಿನೈದು ನಿಮಿಷ. ಪ್ರವೇಶ ಉಚಿತ. ಬಯಲಿನ ಮಧ್ಯೆ ಚಾವಣಿಯೇ ಇಲ್ಲದ 22 ದೊಡ್ಡ ಕಲ್ಲು ಕಂಬಗಳು ನಿಂತಿವೆಯಲ್ಲ, ಆ ಫೋಟೋ ನೀವು ಇನ್‌ಸ್ಟಾಗ್ರಾಂನಲ್ಲಿ ನೋಡಿರಬಹುದು. 1828ರಲ್ಲಿ ಕ್ಯಾಪಿಟಲ್ ಕಟ್ಟಡದ ಪೂರ್ವದ ಮೊಗಸಾಲೆಯಲ್ಲಿ ನಿಲ್ಲಿಸಿದ್ದ ಕಂಬಗಳವು. ಆ ಕಡೆ ಕಟ್ಟಡ ವಿಸ್ತರಿಸಿದಾಗ ತೆಗೆದು, ಕೊನೆಗೆ ಇಲ್ಲಿ ತಂದಿಟ್ಟರು. ಬಹಳ ಜನ ಆ ಕಂಬಗಳ ಹತ್ತಿರ ಸೆಲ್ಫಿ ತೆಗೆದು ವಾಪಸ್ ಹೋಗ್ತಾರೆ. ನೀವು ಹಾಗೆ ಮಾಡಬೇಡಿ. ಏಷ್ಯನ್ ಕಲೆಕ್ಷನ್ ಕಡೆಗೆ ಹೋಗುವ ರಸ್ತೆ ಹಿಡಿಯಿರಿ. ಗೊಟೆಲ್ಲಿ ಕಲೆಕ್ಷನ್ ಅಂತ ಬೋರ್ಡ್ ಕಾಣುತ್ತೆ.

ಚಳಿಗಾಲದಲ್ಲಿ ಬಣ್ಣ

ಕೋನಿಫರ್ ಅಂದರೆ ಶಾಲೆಯ ಭೂಗೋಳ ಪುಸ್ತಕದಲ್ಲಿ ಓದಿದ ಸೂಚಿಪರ್ಣಿ ಮರ. ಪೈನ್, ಸ್ಪ್ರೂಸ್, ಫರ್, ಜೂನಿಪರ್, ಸೀಡರ್ ಎಲ್ಲ ಇದೇ ಬಳಗ. ನಮ್ಮ ತಲೆಯಲ್ಲಿ ಆ ಮರಗಳೆಂದರೆ ಹಿಮಾಲಯದಲ್ಲಿ ನೂರಡಿ ಎತ್ತರ ನಿಂತ ದೇವದಾರು. ಇಲ್ಲಿರೋದು ಅವೇ ಜಾತಿಯ ಗಿಡ್ಡ ತಳಿಗಳು.

ನ್ಯೂಜೆರ್ಸಿಯ ಸೌತ್ ಆರೆಂಜ್‌ನಲ್ಲಿದ್ದ ವಿಲಿಯಂ ಗೊಟೆಲ್ಲಿ ಅನ್ನುವವರು ಇವನ್ನು ಹುಚ್ಚು ಹಿಡಿದವರ ಹಾಗೆ ಕೂಡಿಸಿದರು. 1962ರಲ್ಲಿ ಸುಮಾರು 1,500 ಗಿಡಗಳ ಆ ಸಂಗ್ರಹವನ್ನು ಆರ್ಬೊರೇಟಮ್‌ಗೆ ದಾನ ಕೊಟ್ಟರು. ಈಗ ಅದು ಐದು ಎಕರೆಯಷ್ಟು ಜಾಗದಲ್ಲಿದೆ.

ಜನವರಿಯಲ್ಲಿ ಈ ಭಾಗದ ಓಕ್, ಮೇಪಲ್ ಎಲ್ಲ ಬೋಳು. ಹುಲ್ಲು ಒಣಗಿದ ಗೋಣಿಚೀಲದ ಬಣ್ಣ. ಅಂಥ ಹೊತ್ತಲ್ಲಿ ಈ ಇಳಿಜಾರಿಗೆ ಬಂದರೆ ಕಣ್ಣಿಗೆ ಹಬ್ಬ. ನೀಲಿ ಸ್ಪ್ರೂಸ್ ನಿಜಕ್ಕೂ ನೀಲಿಯಾಗಿ ಕಾಣುತ್ತೆ. ಅದರ ಸೂಜಿ ಎಲೆಗಳ ಮೇಲೆ ತೆಳುವಾದ ಮೇಣದ ಪದರ ಇರುತ್ತೆ, ಆ ಬಣ್ಣ ಅದರದ್ದು. ಬೆರಳಲ್ಲಿ ಮೆಲ್ಲಗೆ ಉಜ್ಜಿದರೆ ಕೆಳಗಿನ ಹಸಿರು ಕಾಣುತ್ತೆ. ಕೆಲವು ಪೈನ್ ತಳಿಗಳು ಬೇಸಿಗೆ ಪೂರ್ತಿ ಸಾಮಾನ್ಯ ಹಸಿರಾಗಿದ್ದು, ಚಳಿ ಬಿದ್ದ ಮೇಲೆ ಅರಿಶಿನದ ಬಣ್ಣಕ್ಕೆ ತಿರುಗುತ್ತವೆ. ಜಪಾನಿನ ಕ್ರಿಪ್ಟೊಮೇರಿಯಾ ತಾಮ್ರದ ಚೊಂಬಿನ ಬಣ್ಣಕ್ಕೆ ಬರುತ್ತೆ. ಆಕಾರಗಳೂ ಅಷ್ಟೆ. ಒಂದು ದಿಂಬಿನ ಹಾಗೆ, ಇನ್ನೊಂದು ಹಕ್ಕಿಗೂಡಿನ ಹಾಗೆ ನಡುವೆ ತಗ್ಗು, ಮತ್ತೊಂದು ಜಟೆ ಇಳಿಬಿಟ್ಟ ಸನ್ಯಾಸಿಯ ಹಾಗೆ.

ಗಿಡ್ಡ ಅಂದ್ರೆ ಎಷ್ಟು ಗಿಡ್ಡ?

ಅಪ್ಪ ಅಮ್ಮನನ್ನು ಇಲ್ಲಿಗೆ ಕರಕೊಂಡು ಹೋದಾಗ ಅಮ್ಮ ಕೇಳಿದ ಮೊದಲ ಪ್ರಶ್ನೆ, "ಗಿಡ್ಡ ಗಿಡ ತೋರಿಸ್ತೀನಿ ಅಂತ ಕರ್ಕೊಂಡ್ ಬಂದು ಇದೇನೋ ಇದು, ನಮ್ಮ ಮಾಳಿಗೆಗಿಂತ ಎತ್ತರ ಇದೆ?"

ಅಪ್ಪ ಸುಮ್ಮನಿರಲಿಲ್ಲ. "ವಾಮನಂಗೆ ಜಾಗ ಕೊಟ್ರೆ ಹಿಂಗೇ ಕಣೇ ಆಗೋದು. ಮೂರು ಹೆಜ್ಜೆ ಅಂತ ಕೇಳ್ತಾನೆ, ಆಮೇಲೆ ತ್ರಿವಿಕ್ರಮ."

ಈ ಗಿಡಗಳನ್ನು ಇದಕ್ಕಿಂತ ಚೆನ್ನಾಗಿ ವಿವರಿಸೋದು ಕಷ್ಟ. ಗಿಡ್ಡ ಕೋನಿಫರ್ ಅಂದರೆ ಬೆಳೆಯದ ಮರ ಅಲ್ಲ, ನಿಧಾನವಾಗಿ ಬೆಳೆಯುವ ಮರ. ಅಮೆರಿಕನ್ ಕೋನಿಫರ್ ಸೊಸೈಟಿ ಇವನ್ನು ವಿಂಗಡಿಸೋದೂ ವೇಗದ ಮೇಲೆಯೇ. ವರ್ಷಕ್ಕೆ ಒಂದು ಇಂಚಿಗಿಂತ ಕಡಿಮೆ ಬೆಳೆದರೆ 'ಮಿನಿಯೇಚರ್'. ಒಂದರಿಂದ ಆರು ಇಂಚು 'ಡ್ವಾರ್ಫ್'. ಆರರಿಂದ ಹನ್ನೆರಡು ಇಂಚು ಮಧ್ಯಮ. ಅದಕ್ಕಿಂತ ಜಾಸ್ತಿ ಆದರೆ ದೊಡ್ಡದು. ನರ್ಸರಿಯ ಲೇಬಲ್ ಮೇಲೆ "ಎತ್ತರ 3 ಅಡಿ" ಅಂತ ಬರೆದಿರುತ್ತಲ್ಲ, ಅದು ಸಾಮಾನ್ಯವಾಗಿ ಹತ್ತು ವರ್ಷದ ಲೆಕ್ಕ. ಹತ್ತು ವರ್ಷ ಆದ ಕೂಡಲೇ ಗಿಡ ನಿಲ್ಲೋದಿಲ್ಲ.

ಲೆಕ್ಕ ಹಾಕಿ ನೋಡಿ. ವರ್ಷಕ್ಕೆ ಮೂರೇ ಇಂಚು ಬೆಳೆಯುವ ಗಿಡ ಅರವತ್ತು ವರ್ಷದಲ್ಲಿ 15 ಅಡಿ. ಗೊಟೆಲ್ಲಿ ಕೊಟ್ಟ ಗಿಡಗಳಿಗೆ ಈಗ ಅರವತ್ತು ದಾಟಿದೆ. ಅದಕ್ಕೇ ಈ ತೋಟ ನಮಗೆ ಉಪಯೋಗ. ನರ್ಸರಿಯಲ್ಲಿ ಒಂದು ಗ್ಯಾಲನ್ ಕುಂಡದಲ್ಲಿ ಮುದ್ದಾಗಿ ಕೂತ ಗಿಡ ನಮ್ಮ ಮಕ್ಕಳ ಕಾಲಕ್ಕೆ ಏನಾಗಿರುತ್ತೆ ಅಂತ ಇಲ್ಲಿ ಕಣ್ಣಾರೆ ನೋಡಬಹುದು.

ನಮ್ಮ ಬೆಂಗಳೂರಲ್ಲೂ ಇದೇ ಕಥೆ ಬೇರೆ ರೂಪದಲ್ಲಿ ನಡೆಯುತ್ತೆ. ನರ್ಸರಿಗಳಲ್ಲಿ 'ಕ್ರಿಸ್‌ಮಸ್ ಟ್ರೀ' ಅಂತ ಪಾಟಲ್ಲಿ ಮಾರುವ ಅರೌಕೇರಿಯಾ ಬಹಳ ಜನರ ಮನೆಯಲ್ಲಿದೆ. ಅದು ಗಿಡ್ಡ ತಳಿ ಅಲ್ಲವೇ ಅಲ್ಲ, ಎಳೆ ಮರ ಅಷ್ಟೆ. ಪಾಟಲ್ಲಿ ದೊಡ್ಡದಾಯಿತು ಅಂತ ಗೇಟಿನ ಪಕ್ಕ ನೆಟ್ಟರೆ ಕೆಲವೇ ವರ್ಷದಲ್ಲಿ ಮೂರನೇ ಮಹಡಿ ದಾಟುತ್ತೆ. ಲಾಲ್‌ಬಾಗ್‌ನಲ್ಲಿ ಗೋಪುರದ ಹಾಗೆ ನೆಟ್ಟಗೆ ನಿಂತ ಅರೌಕೇರಿಯಾಗಳನ್ನು ಒಮ್ಮೆ ತಲೆಯೆತ್ತಿ ನೋಡಿ, ಆಮೇಲೆ ನಿರ್ಧಾರ ಮಾಡಿ.

ಮಾಟಗಾತಿಯ ಪೊರಕೆ

ಇಷ್ಟೊಂದು ಗಿಡ್ಡ ತಳಿ ಎಲ್ಲಿಂದ ಬಂದವು? ಲ್ಯಾಬಲ್ಲಿ ಯಾರೂ ಮಾಡಿದ್ದಲ್ಲ. ಬಹಳಷ್ಟು ಕಾಡಲ್ಲಿ, ತೋಟದಲ್ಲಿ ತಾನಾಗೇ ಆದವು.

ದೊಡ್ಡ ಪೈನ್ ಅಥವಾ ಸ್ಪ್ರೂಸ್ ಮರದ ಮೇಲೆ ಒಮ್ಮೊಮ್ಮೆ ಒತ್ತೊತ್ತಾಗಿ ಬೆಳೆದ ಗಂಟು ಕಾಣುತ್ತೆ. ದೂರದಿಂದ ಹದ್ದಿನ ಗೂಡು ಅನ್ನಿಸುತ್ತೆ. ಯುರೋಪಿನ ಹಳೆಯ ಜನ ಅದಕ್ಕೆ ಮಾಟಗಾತಿಯ ಪೊರಕೆ ಅಂತ ಹೆಸರಿಟ್ಟರು. ಕೆಲವು ಸಲ ಶಿಲೀಂಧ್ರದಿಂದಲೋ ನುಸಿಯಿಂದಲೋ ಹಾಗಾಗುತ್ತೆ. ಕೆಲವು ಸಲ ಒಂದೇ ಒಂದು ಮೊಗ್ಗಿನ ಜೀವಕೋಶದಲ್ಲಿ ಜೀನ್ ಬದಲಾಗಿ, ಅಲ್ಲಿಂದ ಮುಂದಿನ ಕೊಂಬೆಯಷ್ಟೂ ಗಿಡ್ಡವಾಗಿಯೇ ಬೆಳೆಯುತ್ತೆ. ಈ ಎರಡನೇ ಥರದ್ದು ಸಿಕ್ಕರೆ ಸಂಗ್ರಹಕಾರರಿಗೆ ಲಾಟರಿ. ಚಳಿಗಾಲದಲ್ಲಿ ಮರ ವಿಶ್ರಾಂತಿಯಲ್ಲಿರುವಾಗ ಹತ್ತಿಯೋ, ಉದ್ದನೆ ಕೋಲಿಗೆ ಗರಗಸ ಕಟ್ಟಿಯೋ, ಎಟುಕದಿದ್ದರೆ ಬಂದೂಕಿನಿಂದ ಹೊಡೆದೋ ಕಡ್ಡಿಯನ್ನು ಕೆಳಗಿಳಿಸ್ತಾರೆ. ಅದನ್ನು ಸಾಮಾನ್ಯ ಸಸಿಗೆ ಕಸಿ ಕಟ್ಟುತ್ತಾರೆ. ನಾವು ಮಾವಿಗೆ ಮಾಡುವ ಕಸಿಯದೇ ವಿದ್ಯೆ. ಹಾಗಾಗಿ ಒಂದು ಹೆಸರಿನ ತಳಿ ಜಗತ್ತಿನಲ್ಲಿ ಎಲ್ಲೇ ಇರಲಿ, ಅದು ಮೂಲದ ಆ ಒಂದು ಕೊಂಬೆಯ ಕಾಪಿ.

ಇನ್ನು ಕೆಲವು ಬೀಜದಿಂದ ಹುಟ್ಟುವಾಗಲೇ ಗಿಡ್ಡ. ಇಲ್ಲಿನ ಅಂಗಡಿಗಳಲ್ಲಿ ಡಿಸೆಂಬರ್ ಬಂದರೆ ರಿಬ್ಬನ್ ಕಟ್ಟಿ ಮಾರುವ ಪುಟ್ಟ ಶಂಕುವಿನಾಕಾರದ ಸ್ಪ್ರೂಸ್ ಇದೆಯಲ್ಲ, ಡ್ವಾರ್ಫ್ ಆಲ್ಬರ್ಟಾ ಸ್ಪ್ರೂಸ್, ಅದರ ಕಥೆ ಗೊತ್ತಾ? 1904ರಲ್ಲಿ ಜೆ. ಜಿ. ಜ್ಯಾಕ್ ಮತ್ತು ಆಲ್ಫ್ರೆಡ್ ರೇಡರ್ ಎಂಬ ಇಬ್ಬರು ಸಸ್ಯಶಾಸ್ತ್ರಜ್ಞರು ಕೆನಡಾದ ಆಲ್ಬರ್ಟಾದಲ್ಲಿ ಲಗ್ಗಾನ್ ಎಂಬಲ್ಲಿ ರೈಲಿಗೆ ಕಾಯುತ್ತಾ ಸುತ್ತಾಡುವಾಗ ಅವರ ಕಣ್ಣಿಗೆ ಬಿದ್ದದ್ದು ಅದು. ಈವತ್ತು ಮಾರಾಟವಾಗುವ ಲಕ್ಷಾಂತರ ಗಿಡಗಳ ಮೂಲ ಅಲ್ಲಿಯದೇ.

ಆದರೆ ಈ ಗಿಡ ಆಗಾಗ ತನ್ನ ಹಳೆಯ ಸ್ವಭಾವಕ್ಕೆ ಮರಳುತ್ತೆ. ಗಿಡ್ಡ ಶಂಕುವಿನ ಪಕ್ಕದಿಂದ ಇದ್ದಕ್ಕಿದ್ದಂತೆ ಒರಟಾದ, ಉದ್ದನೆಯ, ಮಾಮೂಲಿ ಸ್ಪ್ರೂಸ್ ಕೊಂಬೆ ಹೊರಡುತ್ತೆ. ನೋಡಿದ ತಕ್ಷಣ ಅದನ್ನು ಬುಡದಿಂದ ಕತ್ತರಿಸಬೇಕು. ಬಿಟ್ಟರೆ ಆ ಕೊಂಬೆ ಉಳಿದದ್ದನ್ನೆಲ್ಲ ಮೀರಿ ಬೆಳೆದು, ನಿಮ್ಮ ಅಂಗಳದಲ್ಲಿ ನಿಜವಾದ ಕಾಡುಮರವೇ ನಿಲ್ಲುತ್ತೆ.

ಬೋನ್ಸಾಯ್ ಅಲ್ಲ

ಆರ್ಬೊರೇಟಮ್‌ನಲ್ಲೇ ಇರುವ ಬೋನ್ಸಾಯ್ ಮ್ಯೂಸಿಯಂ ನೋಡದೆ ಬರಬೇಡಿ. ಅಮೆರಿಕದ ಇನ್ನೂರನೇ ಹುಟ್ಟುಹಬ್ಬಕ್ಕೆ, 1976ರಲ್ಲಿ, ಜಪಾನ್ ಕೊಟ್ಟ 53 ಬೋನ್ಸಾಯ್‌ಗಳಿಂದ ಶುರುವಾದ ಜಾಗ. ಅಲ್ಲಿ ಯಮಾಕಿ ಪೈನ್ ಅಂತ ಒಂದು ಗಿಡ ಇದೆ. 1625ರಿಂದ ಕುಂಡದಲ್ಲಿ ಸಾಕಿಕೊಂಡು ಬಂದಿದ್ದಾರೆ. 1945ರ ಆಗಸ್ಟ್ 6ರಂದು ಹಿರೋಶಿಮಾದ ಮೇಲೆ ಬಾಂಬ್ ಬಿದ್ದಾಗ ಅದು ಎರಡು ಮೈಲಿ ದೂರದಲ್ಲಿ ಯಮಾಕಿ ಮನೆತನದ ನರ್ಸರಿಯ ಗೋಡೆಯ ಮರೆಯಲ್ಲಿತ್ತು, ಬದುಕಿಕೊಂಡಿತು. ಗಿಡವನ್ನು ಕೊಟ್ಟಾಗ ಇದನ್ನು ಯಾರೂ ದೊಡ್ಡದು ಮಾಡಲಿಲ್ಲ. 2001ರಲ್ಲಿ ಆ ಮನೆಯ ಮೊಮ್ಮಕ್ಕಳು ತಾತನ ಗಿಡ ನೋಡೋಕೆ ಬಂದಾಗಲೇ ಮ್ಯೂಸಿಯಂನವರಿಗೆ ಪೂರ್ತಿ ಕಥೆ ಗೊತ್ತಾಯಿತು. ಅದರ ಮುಂದೆ ಸ್ವಲ್ಪ ಹೊತ್ತು ನಿಂತರೆ ಮಾತು ತಾನಾಗೇ ಕಡಿಮೆಯಾಗುತ್ತೆ.

ನೋಡೋಕೆ ಎರಡೂ ಗಿಡ್ಡ ಮರಗಳೇ ಆದರೂ ವ್ಯತ್ಯಾಸ ದೊಡ್ಡದು. ಬೋನ್ಸಾಯ್‌ನ ಜೀನ್ ಸಾಮಾನ್ಯ ಮರದ್ದೇ. ಕುಂಡ, ಬೇರು ಕತ್ತರಿಸೋದು, ತಂತಿ ಸುತ್ತೋದು, ದಿನಾ ನೀರು, ಹೀಗೆ ಮನುಷ್ಯನ ಕೈ ಅದನ್ನು ಚಿಕ್ಕದಾಗಿ ಇಟ್ಟಿರುತ್ತೆ. ನೆಲಕ್ಕೆ ಬಿಟ್ಟರೆ ಬೆಳೆದುಬಿಡುತ್ತೆ. ಗಿಡ್ಡ ಕೋನಿಫರ್‌ನಲ್ಲಿ ನಿಧಾನ ಅನ್ನೋದು ಕೋಡ್‌ನಲ್ಲೇ ಬರೆದಿದೆ, ನಾವು ಸೆಟ್ಟಿಂಗ್ ಬದಲಾಯಿಸಬೇಕಿಲ್ಲ. ವಾರಕ್ಕೆ ಐದು ದಿನ ಸ್ಟ್ಯಾಂಡ್‌ಅಪ್ ಮೀಟಿಂಗ್ ಇರುವ ನಮ್ಮಂಥವರಿಗೆ ಇದೇ ಸರಿ.

ಅಂಗಳಕ್ಕೆ ತರುವುದಾದರೆ

ಈ ಕಡೆ ಮೇರಿಲ್ಯಾಂಡ್, ವರ್ಜೀನಿಯಾದಲ್ಲಿ ಟೌನ್‌ಹೌಸ್ ಇರುವ ಕನ್ನಡದವರು ಬಹಳ ಜನ. ಮುಂದಿನ ಅಂಗಳ ಎರಡು ಮಂಚ ಹಾಕುವಷ್ಟು. ಅಂಥ ಜಾಗಕ್ಕೆ ಇವು ಹೇಳಿ ಮಾಡಿಸಿದ ಗಿಡ. ಕೆಲವು ಮಾತು ನೆನಪಿರಲಿ.

ಮೊದಲು ಮಣ್ಣು. ಡಿ.ಸಿ.ಯ ಪಶ್ಚಿಮಕ್ಕೆ ಹೋದಷ್ಟೂ ಕೆಂಪು ಮಣ್ಣು ಸಿಗುತ್ತೆ. ಬಣ್ಣ ನೋಡಿದರೆ ತುಮಕೂರು, ಕೋಲಾರದ ನೆನಪಾಗುತ್ತೆ. ಆದರೆ ಇದು ಜಿಗುಟು ಜೇಡಿ, ನೀರು ಬೇಗ ಇಳಿಯಲ್ಲ. ಬುಡದಲ್ಲಿ ನೀರು ನಿಂತರೆ ಕೋನಿಫರ್ ಬೇರು ಕೊಳೆಯುತ್ತೆ. ಗುಂಡಿ ಅಗಲವಾಗಿರಲಿ, ಬೇರಿನ ಉಂಡೆಯ ಎರಡು ಮೂರು ಪಟ್ಟು. ಆಳ ಮಾತ್ರ ಉಂಡೆಯಷ್ಟೇ ಸಾಕು. ಉಂಡೆಯ ಮೇಲ್ಭಾಗ ನೆಲಕ್ಕಿಂತ ಒಂದಿಂಚು ಮೇಲೆಯೇ ಇರಲಿ. ಕುಂಡದೊಳಗೆ ಬೇರು ಸುತ್ತು ಹಾಕಿದ್ದರೆ ಬಿಡಿಸಿ, ಬಿಡಿಸಲಾಗದ್ದನ್ನು ಕತ್ತರಿಸಿ.

ಸಮಯ ಸೆಪ್ಟೆಂಬರ್, ಅಕ್ಟೋಬರ್. ಬಿಸಿಲ ಝಳ ಇಳಿದಿರುತ್ತೆ, ಮಣ್ಣು ಇನ್ನೂ ಬೆಚ್ಚಗಿರುತ್ತೆ, ಬೇರು ಹಿಡಿಯೋಕೆ ಅನುಕೂಲ. ಮೇಲೆ ಎರಡು ಮೂರು ಇಂಚು ಮಲ್ಚ್ ಹೊದಿಸಿ, ಕಾಂಡಕ್ಕೆ ತಾಗದ ಹಾಗೆ. ಇಲ್ಲಿ ಮರದ ಬುಡಕ್ಕೆ ಹುತ್ತದ ಹಾಗೆ ಮಲ್ಚ್ ಪೇರಿಸಿರೋದು ಎಲ್ಲೆಲ್ಲೂ ಕಾಣುತ್ತೆ, ಅದನ್ನು ನೋಡಿ ಕಲಿಯಬೇಡಿ. ಮೊದಲ ಎರಡು ವರ್ಷ ವಾರಕ್ಕೊಮ್ಮೆ ಆಳವಾಗಿ ನೀರು. ಚಳಿಗಾಲ ಶುರುವಾಗುವ ಮುಂಚೆಯೂ ಚೆನ್ನಾಗಿ ಕುಡಿಸಿ. ನೆಲ ಹೆಪ್ಪುಗಟ್ಟಿದ ಮೇಲೆ ಬೇರಿಗೆ ನೀರು ಸಿಗಲ್ಲ, ಆದರೆ ಗಾಳಿ ಬಿಸಿಲಿಗೆ ಎಲೆ ನೀರು ಕಳಕೊಳ್ತಾನೇ ಇರುತ್ತೆ. ಫೆಬ್ರವರಿಯಲ್ಲಿ ಗಿಡ ಒಂದು ಪಕ್ಕ ಕಂದಾಗೋದು ಬಹಳ ಸಲ ಹೀಗೇ. ರಸ್ತೆಗೆ, ಡ್ರೈವ್‌ವೇಗೆ ಹಿಮ ಕರಗಲಿ ಅಂತ ಉಪ್ಪು ಚೆಲ್ತಾರಲ್ಲ, ಆ ಅಂಚಿನಿಂದಲೂ ದೂರ ನೆಡಿ.

ಅಕ್ಟೋಬರ್‌ನಲ್ಲಿ ಗಿಡದ ಒಳಭಾಗದ ಸೂಜಿಗಳು ಹಳದಿಯಾಗಿ ಉದುರಿದರೆ ಗಾಬರಿ ಬೇಡ. ನಿತ್ಯಹಸಿರು ಅಂದರೆ ಎಲೆ ಉದುರೋದೇ ಇಲ್ಲ ಅಂತಲ್ಲ. ಹಳೆಯ ಎಲೆ ಹೋಗುತ್ತೆ, ಹೊಸದು ತುದಿಯಲ್ಲಿ ಇರುತ್ತೆ. ತುದಿಯೇ ಒಣಗಿದರೆ ಆಗ ಯೋಚನೆ ಮಾಡಬೇಕು. ಬಿಳಿ ಹಾಳೆ ಹಿಡಿದು ಅದರ ಮೇಲೆ ಕೊಂಬೆ ತಟ್ಟಿ ನೋಡಿ. ಚುಕ್ಕಿಗಳು ಉದುರಿ ಓಡಾಡಿದರೆ ಅದು ನುಸಿ. ತೆಂಗಿಗೆ ನುಸಿ ಬಂದು ಊರವರು ಪಟ್ಟ ಪಾಡು ನಿಮಗೆ ಗೊತ್ತಿದ್ದರೆ ಆ ಹೆಸರು ಕೇಳಿ ಬೆಚ್ಚಬೇಡಿ, ಇದು ಬೇರೆ ಜಾತಿ. ಪೈಪಿನಿಂದ ಜೋರಾಗಿ ನೀರು ಹೊಡೆದರೆ ಬಹಳ ಮಟ್ಟಿಗೆ ಹತೋಟಿಗೆ ಬರುತ್ತೆ. ಆಲ್ಬರ್ಟಾ ಸ್ಪ್ರೂಸ್‌ಗೆ ಈ ಕಾಟ ಜಾಸ್ತಿ. ಡಿ.ಸಿ.ಯ ಬೇಸಿಗೆಯ ಸೆಕೆಯೂ ಅದಕ್ಕೆ ಹಿಡಿಸಲ್ಲ. ಹೆಮ್‌ಲಾಕ್ ಎಷ್ಟೇ ಚಂದ ಕಂಡರೂ ಎರಡು ಸಲ ಯೋಚಿಸಿ. ಜಪಾನಿನಿಂದ ಬಂದು 1951ರಲ್ಲಿ ವರ್ಜೀನಿಯಾದಲ್ಲಿ ಕಾಣಿಸಿಕೊಂಡ ಬಿಳಿ ಹತ್ತಿಯಂಥ ಕೀಟವೊಂದು ಪೂರ್ವ ಕರಾವಳಿಯ ಹೆಮ್‌ಲಾಕ್ ಕಾಡುಗಳನ್ನೇ ಒಣಗಿಸಿದೆ.

ಕತ್ತರಿ ಹಾಕೋದು ಕಡಿಮೆ ಇರಲಿ. ಯೂ ಥರದ ಕೆಲವನ್ನು ಬಿಟ್ಟರೆ ಕೋನಿಫರ್‌ಗಳು ಎಲೆಯಿಲ್ಲದ ಹಳೆ ಕೊಂಬೆಯಿಂದ ಮತ್ತೆ ಚಿಗುರಲ್ಲ. ದಾಸವಾಳ ಕತ್ತರಿಸಿದ ಹಾಗೆ ಕತ್ತರಿಸಿದರೆ ಆ ತೂತು ಹಾಗೇ ಉಳಿಯುತ್ತೆ.

ಬೆಂಗಳೂರಲ್ಲಿ ಓದುತ್ತಿರುವವರಿಗೆ ಒಂದು ಮಾತು. ಸ್ಪ್ರೂಸ್, ಫರ್‌ಗಳಿಗೆ ನಿಜವಾದ ಚಳಿಗಾಲದ ವಿಶ್ರಾಂತಿ ಬೇಕು, ನಮ್ಮಲ್ಲಿ ಅದು ಸಿಗಲ್ಲ. ಅಲ್ಲಿನ ನರ್ಸರಿಗಳಲ್ಲಿ ಸಿಗುವ ಥೂಜಾ, ಜೂನಿಪರ್ ಸಾಕು. ಬಿಸಿಲು, ನೀರಿಳಿಯುವ ಮಣ್ಣು, ಇಷ್ಟಿದ್ದರೆ ಬಾಳ್ತವೆ.

ಕುಂಡವೋ, ನೆಲವೋ?

ಇದು ಬರೀ ತೋಟಗಾರಿಕೆಯ ಪ್ರಶ್ನೆ ಅಲ್ಲ ಅಂತ ಇಲ್ಲಿ ವೀಸಾ ಮೇಲೆ ಇರುವ ಎಲ್ಲರಿಗೂ ಗೊತ್ತು. ಎಚ್-1ಬಿ ಒಂದು ಸಲಕ್ಕೆ ಮೂರು ವರ್ಷ. ಕೆಲಸ ಹೋದರೆ ಇನ್ನೊಂದು ಹುಡುಕೋಕೆ 60 ದಿನ. ನಮ್ಮ ಬದುಕು ನಡೆಯೋದು ಈ ಎರಡು ಅಂಕಿಗಳ ಮೇಲೆ. ಗಿಡದ ಲೇಬಲ್ ಮೇಲೆ ಇರೋದು ಹತ್ತು ವರ್ಷ.

ಹಾಗಾಗಿ ನಾವೆಲ್ಲ ಕುಂಡದ ಜನ. ಕರಿಬೇವು ಕುಂಡದಲ್ಲಿ, ತುಳಸಿ ಕುಂಡದಲ್ಲಿ, ಮಲ್ಲಿಗೆಯೂ ಕುಂಡದಲ್ಲಿ. ಅವಕ್ಕೆ ಚಳಿ ಆಗಲ್ಲ, ಒಳಗೆ ತರಬೇಕು, ಅದೊಂದು ಕಾರಣ. ಯಾರಾದರೂ ವಾಪಸ್ ಹೊರಟರೆ ವಾಟ್ಸಾಪ್ ಗ್ರೂಪಲ್ಲಿ ಸೋಫಾ, ಟಿ.ವಿ., ಇಡ್ಲಿ ಪಾತ್ರೆಯ ಜೊತೆ ಕರಿಬೇವಿನ ಫೋಟೋನೂ ಬರುತ್ತೆ. ನಮ್ಮ ಮನೆಯ ಕರಿಬೇವು ಹಾಗೆ ಬಂದದ್ದು. ಕೊಟ್ಟವರು ಹೊರಟದ್ದು ಎರಡೇ ವಾರದ ನೋಟಿಸಿನಲ್ಲಿ. ಆ ಅಕ್ಕ ಹೋಗುವಾಗ ಹೇಳಿದ್ದು ಒಂದೇ ಮಾತು, "ಮಜ್ಜಿಗೆ ನೀರು ಹಾಕ್ತಿರಪ್ಪಾ, ಮರೀಬೇಡ."

ಗಿಡ್ಡ ಕೋನಿಫರ್‌ನ್ನೂ ಕುಂಡದಲ್ಲಿ ಬೆಳೆಸಬಹುದು. ಬಾಡಿಗೆ ಮನೆಯಾದರೆ ಅದೇ ದಾರಿ. ಆದರೆ ಕುಂಡದಲ್ಲಿ ಬೇರಿಗೆ ಚಳಿ ಎಲ್ಲ ಕಡೆಯಿಂದ ಹೊಡೆಯುತ್ತೆ, ಆದ್ದರಿಂದ ನಿಮ್ಮ ಊರಿಗಿಂತ ಎರಡು ವಲಯ ಹೆಚ್ಚು ಚಳಿ ತಡೆಯುವ ತಳಿ ಆರಿಸಬೇಕು. ಕುಂಡ ದೊಡ್ಡದಿರಬೇಕು. ಚಳಿಗಾಲದಲ್ಲೂ ಮಣ್ಣು ಒಣಗದಂತೆ ನೋಡಿಕೊಳ್ಳಬೇಕು.

ನಾನು ಮತ್ತು ನನ್ನ ಹೆಂಡತಿ ಇದನ್ನು ಒಂದು ಇಡೀ ಬೇಸಿಗೆ ಚರ್ಚೆ ಮಾಡಿದೆವು. ಮನೆ ಸಾಲದ್ದು, ವೀಸಾ ಮುಂದಿನ ವರ್ಷ ರಿನ್ಯೂವಲ್‌ಗೆ ಇದೆ. ಅವಳು ಹೇಳಿದ್ದು, "ನಾವು ಇರ್ತೀವೋ ಇಲ್ವೋ ಅಂತ ಕಾಯ್ತಾ ಕೂತ್ರೆ ಮನೆ ಮುಂದೆ ಹತ್ತು ವರ್ಷ ಬರೀ ಮಲ್ಚ್ ನೋಡ್ತಿರಬೇಕಾಗುತ್ತೆ ಕಣೋ." ಗೊಟೆಲ್ಲಿ ಇಳಿಜಾರಲ್ಲಿ ಸುತ್ತಾಡಿ, ಈ ಸೆಕೆಗೂ ಒಗ್ಗಿಕೊಳ್ಳುವ ಹಿನೋಕಿ ಸೈಪ್ರೆಸ್‌ನ ಗಿಡ್ಡ ತಳಿ 'ನಾನಾ ಗ್ರಾಸಿಲಿಸ್' ಆರಿಸಿಕೊಂಡೆವು. ಹಿನೋಕಿ ಜಪಾನಿನಲ್ಲಿ ದೇವಾಲಯ ಕಟ್ಟುವ ಮರ. ಸಾವಿರದ ಮುನ್ನೂರು ವರ್ಷ ಹಳೆಯ ಹೊರ್ಯೂಜಿಯಲ್ಲಿ ಅದರ ತೊಲೆಗಳು ಇನ್ನೂ ನಿಂತಿವೆ. ಈ ಗಿಡ್ಡ ತಳಿ ಬೀಸಣಿಗೆಯಂಥ ಎಲೆಗಳನ್ನು ಒಂದರ ಮೇಲೊಂದು ಜೋಡಿಸಿಕೊಂಡು ವರ್ಷಕ್ಕೆ ಎರಡು ಮೂರು ಇಂಚು ಏರುತ್ತೆ.

ಕಳೆದ ಅಕ್ಟೋಬರ್‌ನಲ್ಲಿ ನೆಲಕ್ಕೇ ನೆಟ್ಟೆವು. ಆಗ ನನ್ನ ಮೊಣಕಾಲಿಗಿಂತ ಕೆಳಗೆ. ಈ ಮೇ ತಿಂಗಳಲ್ಲಿ ಎಲ್ಲ ತುದಿಗಳಲ್ಲೂ ತಿಳಿಹಸಿರು ಬಂದಿದೆ, ಅಳೆದರೆ ಎರಡಿಂಚು. ಹೊರಡೋ ಪ್ರಸಂಗ ಬಂದರೆ ವಾಟ್ಸಾಪಲ್ಲಿ ಇದರ ಫೋಟೋ ಹಾಕೋಕೆ ಆಗಲ್ಲ. ಮನೆ ಕೊಳ್ಳುವವರಿಗೆ ಹೆಸರು ಬರೆದ ಲೇಬಲ್ ಗಿಡದ ಬುಡದಲ್ಲೇ ಇರಲಿ ಅಂತ ತೆಗೆಯದೆ ಬಿಟ್ಟಿದ್ದೇವೆ.

ಹೋಗುವವರಿಗೆ

ಆರ್ಬೊರೇಟಮ್ ಹತ್ತಿರ ಮೆಟ್ರೋ ಸ್ಟೇಷನ್ ಇಲ್ಲ, ಕಾರು ಅಥವಾ ಕ್ಯಾಬ್ ಅನುಕೂಲ. ಬೋನ್ಸಾಯ್ ಮ್ಯೂಸಿಯಂನ ಸಮಯ ತೋಟದ ಸಮಯಕ್ಕಿಂತ ಬೇರೆ, ಹೊರಡುವ ಮುಂಚೆ ವೆಬ್‌ಸೈಟ್ ನೋಡಿಕೊಳ್ಳಿ. ಎರಡೂ ನೋಡೋಕೆ ಅರ್ಧ ದಿನ ಇಟ್ಟುಕೊಳ್ಳಿ. ಹಿರಿಯರು ಜೊತೆಗಿದ್ದರೆ ಗೊಟೆಲ್ಲಿ ಕಲೆಕ್ಷನ್ ಹತ್ತಿರದವರೆಗೂ ಕಾರು ಹೋಗುತ್ತೆ, ಹೆಚ್ಚು ನಡೆಸಬೇಕಿಲ್ಲ. ಜನವರಿಯಾದರೆ ಟೋಪಿ, ಗ್ಲೌಸ್, ಫ್ಲಾಸ್ಕಲ್ಲಿ ಕಾಫಿ ಮರೀಬೇಡಿ. ಗಿಡಗಳ ಮುಂದೆ ಹೆಸರಿನ ಪಟ್ಟಿ ಇರುತ್ತೆ. ಇಷ್ಟವಾದದ್ದರ ಜೊತೆ ಪಟ್ಟಿಯ ಫೋಟೋನೂ ತೆಗೆದುಕೊಳ್ಳಿ, ನರ್ಸರಿಯಲ್ಲಿ ಕೇಳೋಕೆ ಅದೇ ಬೇಕಾಗೋದು.